ಹೊಸ ಜಾಲತಾಣ, ಹೊಸ ಆ್ಯಪ್, ಹೊಸ ಕಂಪನಿ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿಯ ಅಂಗಡಿ, ಹೋಟೆಲ್, ಸಹಕಾರ ಸಂಘ, ಯುವಕ ಮಂಡಲ ಹಾಗೂ ಹವ್ಯಾಸಿ ಯಕ್ಷಗಾನ ಸಂಘಗಳಿಗೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ಹೊಂದಿಸಿಕೊಡುವುದು ನನ್ನ ಉದ್ಯೋಗ. ಯಾವುದಾದರೂ ಹೊಸ ಆ್ಯಪ್ ಸುದ್ದಿಯಾದ ವಾರ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ನಾನು ಕೊಡುತ್ತ ಬಂದಿರುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ನ್ಯಾಯ: ಹೊಸ ಮನೆಗೆ ಕಾಲಿಡುವಾಗ ಜಗಲಿಯ ಅಂದಕ್ಕಿಂತ ಹಿಂಬಾಗಿಲು ಎಲ್ಲಿದೆ ಎಂದು ನೋಡುವವನು ನಾನು.

ಹೊಸ ಜಾಲತಾಣ ಬಂದ ಕೂಡಲೇ ಖಾತೆ ತೆರೆಯಬೇಕೇ?

ತೆರೆಯಿರಿ. ಆದರೆ ನಿಮ್ಮ ಅಂಗಡಿಯ ಅಥವಾ ಸಂಘದ ಹೆಸರನ್ನು ಬೇರೆಯವರು ಹಿಡಿದುಕೊಳ್ಳದಿರಲಿ ಎಂಬಷ್ಟಕ್ಕೆ ಮಾತ್ರ. ಥ್ರೆಡ್ಸ್ 2023ರ ಜುಲೈನಲ್ಲಿ ಬಂದಾಗ, ಬ್ಲೂಸ್ಕೈ 2024ರ ಫೆಬ್ರುವರಿಯಲ್ಲಿ ಆಹ್ವಾನವಿಲ್ಲದೆ ಎಲ್ಲರಿಗೂ ತೆರೆದುಕೊಂಡಾಗ, ಅಲ್ಲಿಗೆ ಹೋಗದಿದ್ದರೆ ವ್ಯಾಪಾರವೇ ಕೈತಪ್ಪುತ್ತದೆ ಎಂಬ ಆತಂಕದಲ್ಲಿ ಕೆಲವರು ನನಗೆ ಫೋನ್ ಮಾಡಿದ್ದರು. ನಾನು ಅವರಿಗೆ ಹೇಳಿದ್ದು ಒಂದೇ: ಮುಂದಿನ ಏಳು ದಿನ ಅಂಗಡಿಗೆ ಬರುವ ಗಿರಾಕಿಗಳನ್ನು ‘ನೀವು ಅದರಲ್ಲಿ ಇದ್ದೀರಾ’ ಎಂದು ಕೇಳಿ, ಹೌದು ಎಂದವರ ಲೆಕ್ಕವನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀಟು ಹಾಕಿ ಇಡಿ. ಹಂಪನಕಟ್ಟೆಯ ಸಮೀಪ ಬಟ್ಟೆ ವ್ಯಾಪಾರ ಮಾಡುವ ಒಬ್ಬರು ಏಳನೆಯ ದಿನ ತೋರಿಸಿದ ಪುಟದಲ್ಲಿ ಇದ್ದದ್ದು ಎರಡು ಗೀಟು, ಅದರಲ್ಲಿ ಒಂದು ಅವರ ಮಗನದೇ.

ಕೂ ಕನ್ನಡದಲ್ಲೇ ಶುರುವಾಗಿತ್ತಲ್ಲ, ಅದೇಕೆ ನಿಲ್ಲಲಿಲ್ಲ?

ಬೇಸರದಿಂದಲೇ ಕೇಳುವ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಹಳದಿ ಹಕ್ಕಿಯ ಗುರುತಿನ, ಟ್ವಿಟರ್ ಮಾದರಿಯ ಜಾಲತಾಣ ಕೂ 2020ರ ಮಾರ್ಚ್‌ನಲ್ಲಿ ಮೊದಲು ಕನ್ನಡದಲ್ಲಿ ಬಂತು. ಸ್ಥಾಪಕರು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ. ಅಪ್ರಮೇಯ ಅವರು ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದವರು, ಅದಕ್ಕೂ ಮೊದಲು ಟ್ಯಾಕ್ಸಿ ಫಾರ್ ಶ್ಯೂರ್ ಕಟ್ಟಿ ಓಲಾಗೆ ಮಾರಿದ್ದವರು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಕೂ ಗೆದ್ದಿತು. 2021ರಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ತಿಕ್ಕಾಟ ನಡೆದಾಗ ಸಚಿವರು, ಇಲಾಖೆಗಳು, ನಟರು ಸಾಲುಸಾಲಾಗಿ ಅಲ್ಲಿಗೆ ಬಂದರು. ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರು ಎಂದು ಸ್ಥಾಪಕರು ಹೇಳಿದ್ದಾರೆ. ಆಮೇಲೆ ಹೂಡಿಕೆಯ ಬರ ಬಂತು, ದೊಡ್ಡ ಕಂಪನಿಗಳೊಂದಿಗೆ ನಡೆಸಿದ ಮಾರಾಟದ ಮಾತುಕತೆಗಳು ಮುರಿದುಬಿದ್ದವು, 2024ರ ಜುಲೈನಲ್ಲಿ ಹಳದಿ ಹಕ್ಕಿ ವಿದಾಯ ಹೇಳಿತು.

ಹಣ ಮುಗಿದದ್ದು ಕೊನೆಯ ಕಾರಣ. ಮೊದಲ ಕಾರಣ ಬೇರೆ ಎಂಬುದು ನನ್ನ ಎಣಿಕೆ. ಕೂಗೆ ಬಂದವರಲ್ಲಿ ಬಹಳಷ್ಟು ಜನ ಭಾಷೆಯ ಅಭಿಮಾನದಿಂದ ಇಲ್ಲವೇ ಟ್ವಿಟರ್ ಮೇಲಿನ ಸಿಟ್ಟಿನಿಂದ ಬಂದವರು. ಬೆಳಿಗ್ಗೆ ಎದ್ದು ಅದನ್ನೇ ತೆರೆಯಬೇಕೆಂಬ ಕೆಲಸ ಅವರಿಗೆ ಅಲ್ಲಿ ಇರಲಿಲ್ಲ. ನಮ್ಮಲ್ಲಿ ಊರಿನ ಸುದ್ದಿ, ಸಾವಿನ ಸುದ್ದಿ, ಮದುವೆಯ ಕರೆಯೋಲೆ, ಕರೆಂಟ್ ಹೋಗುವ ಸಮಯ ಎಲ್ಲವೂ ಆಗಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುತ್ತಿದ್ದಾಗ, ಚಿಕ್ಕ ಬರಹಗಳನ್ನು ಅಪರಿಚಿತರ ಮುಂದೆ ಹಾಕುವ ಇನ್ನೊಂದು ಕಟ್ಟೆ ಯಾರಿಗೆ ಬೇಕಿತ್ತು? ಶೇರ್‌ಚಾಟ್ ನಡೆದ ದಾರಿ ಇದಕ್ಕೆ ತಿರುವುಮುರುವು. ಐಐಟಿ ಕಾನ್ಪುರದಲ್ಲಿ ಓದಿದ ಮೂವರು 2015ರಲ್ಲಿ ಕಟ್ಟಿದ ಆ ಕಂಪನಿ, ಜನ ಆಗಲೇ ಮಾಡುತ್ತಿದ್ದ ಕೆಲಸದ ಬೆನ್ನಿಗೆ ಬಿತ್ತು: ಶುಭೋದಯದ ಚಿತ್ರ, ಹಬ್ಬದ ಶುಭಾಶಯ, ಹಾಡಿನ ತುಣುಕುಗಳನ್ನು ಅಲ್ಲಿಂದ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸುವುದು. ನಮ್ಮಂಥವರು ಆ ಗುಲಾಬಿ ಹೂವಿನ ಚಿತ್ರಗಳನ್ನು ನೋಡಿ ಮೂಗು ಮುರಿದೆವು. ಅದು ಉಳಿದುಕೊಂಡಿತು, ನಾವು ಮೆಚ್ಚಿದ್ದು ಹೋಯಿತು.

ಕಂಪನಿ ಮುಚ್ಚಿದರೆ ನಮ್ಮ ಫೋಟೋ, ಬರಹ, ಫಾಲೋವರ್‌ಗಳ ಗತಿ ಏನು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳು ಮಾಯವಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಮನಸ್ಸಿಗೆ ನೋವಾಯಿತು, ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು. ಆದರೆ ಠೇವಣಿಯ ಒಂದು ರೂಪಾಯಿಯೂ ಕದಲಲಿಲ್ಲ, ಏಕೆಂದರೆ ಅದನ್ನು ಹೊಸ ಬ್ಯಾಂಕು ಹೊರಲೇಬೇಕೆಂಬ ಕಟ್ಟಳೆ ಇತ್ತು. ಬ್ಯಾಂಕು ಮುಳುಗಿದರೂ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಜಾಲತಾಣದಲ್ಲಿ ನೀವು ಇಟ್ಟ ಹತ್ತು ವರ್ಷದ ಫೋಟೋಗಳಿಗೆ ಇಂಥ ವಾರಸುದಾರರು ಯಾರೂ ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಗೂಗಲ್ ಪ್ಲಸ್ ಜನಸಾಮಾನ್ಯರ ಪಾಲಿಗೆ 2019ರ ಏಪ್ರಿಲ್ 2ರಂದು ಮುಗಿಯಿತು. ಇವು ಬಡ ಕಂಪನಿಯ ಕೂಸುಗಳಲ್ಲ ಎಂಬುದನ್ನು ಗಮನಿಸಿ. ಸಣ್ಣ ವ್ಯಾಪಾರಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಎಂದರೆ, ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಉಚಿತವಾಗಿ ಸಿಗುತ್ತಿದ್ದ ಪುಟ್ಟ ವೆಬ್‌ಸೈಟ್. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ವಿಳಾಸಕ್ಕೆ ಬಂದವರನ್ನು ಕೆಲವು ತಿಂಗಳು ಪ್ರೊಫೈಲಿಗೆ ತಿರುಗಿಸಿ, ಜೂನ್ ನಂತರ ಅದನ್ನೂ ಬಿಟ್ಟರು. ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ, ಕೈಚೀಲದ ಮೇಲೆ ಅಚ್ಚು ಹಾಕಿಸಿಕೊಂಡವರು ಮತ್ತೆ ಮುದ್ರಣಾಲಯದ ಮೆಟ್ಟಿಲು ಹತ್ತಬೇಕಾಯಿತು.

ಹಾಗಾಗಿ ಯಾವುದೇ ಆ್ಯಪ್‌ನಲ್ಲಿ ಮೊದಲ ಹತ್ತು ಪೋಸ್ಟ್ ಹಾಕಿದ ಮೇಲೆ, ಹನ್ನೊಂದನೆಯದನ್ನು ಹಾಕುವ ಮೊದಲು, ಅದರ ಸೆಟ್ಟಿಂಗ್ಸ್‌ನಲ್ಲಿ ‘ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ’ ಎಂಬ ಸೌಲಭ್ಯ ಇದೆಯೇ ಎಂದು ಹುಡುಕಿ, ಇದ್ದರೆ ಒಮ್ಮೆ ನಿಜವಾಗಿಯೂ ಇಳಿಸಿಕೊಂಡು ತೆರೆದು ನೋಡಿ. ತೆರೆದು ನೋಡುವುದೇ ಮುಖ್ಯ. ಫೇಸ್‌ಬುಕ್ ಖಾತೆಯ ಮಾಹಿತಿಯನ್ನು ಜೇಸನ್ (JSON) ಎಂಬ, ಯಂತ್ರಗಳಿಗೆಂದೇ ಇರುವ ಕಡತದ ರೂಪದಲ್ಲಿ ಇಳಿಸಿಕೊಂಡರೆ ಕನ್ನಡದ ಅಕ್ಷರಗಳೆಲ್ಲ ಸಂಕೇತದ ಎಡವಟ್ಟಿನಿಂದ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅದೇ ಮಾಹಿತಿಯನ್ನು ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ರೂಪದಲ್ಲಿ ಕೇಳಿದರೆ ಕನ್ನಡ ಕನ್ನಡವಾಗಿಯೇ ಓದಲು ಸಿಗುತ್ತದೆ. ಇಂಥದ್ದು ತಿಳಿಯುವುದು ಕಡತವನ್ನು ತೆರೆದಾಗ ಮಾತ್ರ, ಮುಚ್ಚುವ ಹಿಂದಿನ ದಿನ ತಿಳಿದು ಪ್ರಯೋಜನವಿಲ್ಲ.

ಫಾಲೋವರ್‌ಗಳನ್ನಂತೂ ಜೊತೆಗೆ ಕರೆದೊಯ್ಯಲು ಬಹುತೇಕ ಜಾಲತಾಣಗಳು ಬಿಡುವುದಿಲ್ಲ. ಒಂದೇ ಕಂಪನಿಯ ಕೈಯಲ್ಲಿರದೆ ಹಲವರ ಸರ್ವರ್‌ಗಳಲ್ಲಿ ನಡೆಯುವ ಮಾಸ್ಟೊಡಾನ್ ಜಾಲತಾಣದಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅನುಯಾಯಿಗಳೂ ಜೊತೆಗೆ ಬರುವ ವ್ಯವಸ್ಥೆ ಇದೆ ಎಂಬುದನ್ನು ಮೆಚ್ಚಿ ಹೇಳಬೇಕು, ಆದರೆ ನಿಮ್ಮ ಗಿರಾಕಿಗಳು ಮಾಸ್ಟೊಡಾನ್‌ನಲ್ಲಿ ಇಲ್ಲ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮದೇ ಹೆಸರಿನ ಡೊಮೇನ್ ಒಂದನ್ನು ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಕೊಟ್ಟು ಇಟ್ಟುಕೊಳ್ಳಿ, ಎಲ್ಲ ಕಡೆಯೂ ಆ ವಿಳಾಸವನ್ನೇ ಕೊಡಿ. ಒಳಗಿನ ಪುಟವನ್ನು ಇವತ್ತು ಒಂದು ಕಂಪನಿಯಲ್ಲಿ, ನಾಳೆ ಇನ್ನೊಂದರಲ್ಲಿ ಇಟ್ಟರೂ ಚೀಲದ ಮೇಲಿನ ವಿಳಾಸ ಸುಳ್ಳಾಗುವುದಿಲ್ಲ.

ಎಲ್ಲ ಜಾಲತಾಣಗಳಿಗೂ ಒಮ್ಮೆಲೇ ಪೋಸ್ಟ್ ಕಳಿಸುವ ಉಪಕರಣಗಳು ಬೇಕೇ?

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡೇ ಇರುವವರಿಗೆ ಬೇಡ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಉಚಿತವಾಗಿಯೇ ಸಮಯ ಗೊತ್ತುಮಾಡಿ ಇಡಬಹುದು. ಇಂಥ ಉಪಕರಣಗಳಲ್ಲಿ ಹೂಟ್‌ಸೂಟ್ 2008ರಿಂದ, ಬಫರ್ 2010ರಿಂದ ಇರುವ ಹಳೆಯ ಹೆಸರುಗಳು. ಹೂಟ್‌ಸೂಟ್ ತನ್ನ ಉಚಿತ ಯೋಜನೆಯನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹೊಸದಾಗಿ ಬರುವ ಇಂಥ ಉಪಕರಣಗಳ ದೊಡ್ಡ ದೌರ್ಬಲ್ಯವೆಂದರೆ ಅವು ಬೇರೆಯವರ ಜಾಗದಲ್ಲಿ ಕಟ್ಟಿದ ಮನೆಗಳು. ಒಂದು ತಂತ್ರಾಂಶ ಇನ್ನೊಂದರೊಡನೆ ಮಾತಾಡಲು ಇರುವ ಕಿಟಕಿಯನ್ನು ಎಪಿಐ ಎನ್ನುತ್ತಾರೆ. 2023ರಲ್ಲಿ ಟ್ವಿಟರ್ ಆ ಕಿಟಕಿಗೆ ಭಾರೀ ಶುಲ್ಕ ವಿಧಿಸಿದಾಗ ಅದನ್ನೇ ನಂಬಿದ್ದ ಎಷ್ಟೋ ಸಣ್ಣ ಉಪಕರಣಗಳು ಬಾಗಿಲು ಹಾಕಿದವು.

ಹೊಸ ಉಪಕರಣದಲ್ಲಿ ನಾನು ಮೊದಲು ನೋಡುವುದು ಗಡಿಯಾರವನ್ನು. ಇದಕ್ಕೊಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಉಡುಪಿಯ ಒಂದು ತಿಂಡಿ ಮನೆಯವರಿಗಾಗಿ, ಆಗಷ್ಟೇ ಬಂದಿದ್ದ ಒಂದು ಉಪಕರಣದಲ್ಲಿ ಕೃಷ್ಣಾಷ್ಟಮಿಯ ದಿನದ ಪೋಸ್ಟನ್ನು ಬೆಳಿಗ್ಗೆ 7 ಗಂಟೆಗೆ ಗೊತ್ತುಮಾಡಿದ್ದೆ: ಉಂಡೆ ಚಕ್ಕುಲಿಯ ಆರ್ಡರ್ 11 ಗಂಟೆಯವರೆಗೆ ಮಾತ್ರ ಎಂದು ಅದರಲ್ಲಿತ್ತು. ಉಪಕರಣ ಲಂಡನ್ನಿನ ಗ್ರೀನಿಚ್ ಸಮಯ ಹಿಡಿದು ಕೂತಿತ್ತು. ಐದೂವರೆ ಗಂಟೆಯ ವ್ಯತ್ಯಾಸ. ಪೋಸ್ಟ್ ಹೊರಬಿದ್ದದ್ದು ಮಧ್ಯಾಹ್ನ 12.30ಕ್ಕೆ, ಆರ್ಡರ್ ಮುಗಿದು ಒಂದೂವರೆ ಗಂಟೆಯ ಮೇಲೆ. ತಿಂಡಿ ಮನೆಯ ಅಮ್ಮ ನನಗೆ ಬೈಯಲಿಲ್ಲ, ಉಳಿದ ಚಕ್ಕುಲಿಯ ಎರಡು ಡಬ್ಬ ಕಟ್ಟಿ ಮನೆಗೆ ಕಳಿಸಿದರು. ಅದನ್ನು ತಿನ್ನುವಾಗ ಆದ ನಾಚಿಕೆ ಬೈಗುಳಕ್ಕಿಂತ ಹೆಚ್ಚಿನದು.

ಉಪಕರಣದಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ತಿಳಿಯುವುದು ಹೇಗೆ?

‘ಶ್ರೀ ಕ್ಷೇತ್ರ ಧರ್ಮಸ್ಥಳ’ ಎಂದು ಬರೆದು ನೋಡಿ. ರಕಾರದ ಒತ್ತು, ಕ್ಷಕಾರ, ಅರ್ಕಾವೊತ್ತು, ಸ್ಥಕಾರ ಎಲ್ಲವೂ ಆ ಮೂರು ಪದಗಳಲ್ಲಿ ಇವೆ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರಿದರೆ, ಅರ್ಕಾವೊತ್ತು ಕಾಣೆಯಾದರೆ, ಆ ಉಪಕರಣದಲ್ಲಿ ಆಮಂತ್ರಣ ಪತ್ರಿಕೆ ಮಾಡಬೇಡಿ. ವಿನ್ಯಾಸದ ಆ್ಯಪ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಮುದ್ರಣಾಲಯದವರು ಕೊಟ್ಟ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಕಡತ ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರ ಸಂಕೇತದಲ್ಲಿ) ಇಲ್ಲದಿದ್ದರೆ, ಅದನ್ನು ನಕಲು ಮಾಡಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಪರಿವರ್ತಿಸಿಕೊಳ್ಳಿ. ಅಕ್ಷರದ ಎಣಿಕೆಯ ಬಗ್ಗೆಯೂ ಒಂದು ಮಾತು: ‘ಉಡುಪಿ’ ಎಂಬಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಐದು, ಏಕೆಂದರೆ ಡು ಮತ್ತು ಪಿಯ ಗುಣಿತ ಚಿಹ್ನೆಗಳನ್ನು ಅದು ಬೇರೆಯಾಗಿ ಎಣಿಸುತ್ತದೆ. ‘ಕ್ಷ’ ಒಂದೇ ಮೂರಾಗುತ್ತದೆ. ಎಕ್ಸ್‌ನ (ಹಿಂದಿನ ಟ್ವಿಟರ್‌ನ) 280ರ ಮಿತಿ ಕನ್ನಡಕ್ಕೆ ಬೇಗ ತುಂಬುವುದು ಇದರಿಂದ. ಎಸ್‌ಎಂಎಸ್‌ನಲ್ಲಂತೂ ಒಂದೇ ಒಂದು ಕನ್ನಡ ಅಕ್ಷರ ಬಂದರೂ 160ರ ಮಿತಿ 70ಕ್ಕೆ ಇಳಿಯುತ್ತದೆ.

ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ಈ ಉಪಕರಣಗಳು ಒದಗುತ್ತವೆಯೇ?

ಮೊದಲಿಗಿಂತ ವಾಸಿ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಿಂದ ಇದೆ, ಗೂಗಲ್ ಟ್ರಾನ್ಸ್‌ಲೇಟ್‌ಗೆ ಕೊಂಕಣಿ 2022ರಲ್ಲಿ, ತುಳು 2024ರಲ್ಲಿ ಸೇರಿದವು, ತುಳು–ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರ್‌ನ ಯುನಿಕೋಡ್ 16ರಲ್ಲಿ ಜಾಗ ಸಿಕ್ಕಿತು. ಆದರೆ ಜಾಲತಾಣಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದ ತುಳುವನ್ನು ಕನ್ನಡವೆಂದೇ ತಿಳಿದು ಅನುವಾದಿಸುವುದು ಇನ್ನೂ ನಡೆದಿದೆ. ‘ಮಾತೆರ್ಲಾ ಬಲೆ’ ಎಂದು ಎಲ್ಲರನ್ನೂ ಕರೆದರೆ ಯಂತ್ರ ಮಲ್ಪೆಯ ಮೀನಿನ ಬಲೆಯನ್ನು ನೆನೆದೀತು. ನಗುವ ವಿಷಯವಾದರೂ ಇದರ ಇನ್ನೊಂದು ಮುಖ ನಗುವಂಥದ್ದಲ್ಲ: ಭಾಷೆ ತಿಳಿಯದ ಯಂತ್ರ ಬೈಗುಳವನ್ನೂ ಬೆದರಿಕೆಯನ್ನೂ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಸುಳ್ಳು ಸುದ್ದಿ ಸಂಜೆಯೊಳಗೆ ಏನು ಮಾಡಬಲ್ಲದು ಎಂಬುದು ಗೊತ್ತಿರುವವರು, ದೂರು ಕೊಟ್ಟರೆ ತುಳುವೋ ಬ್ಯಾರಿಯೋ ಬಲ್ಲ ಮನುಷ್ಯರೊಬ್ಬರು ನೋಡುತ್ತಾರೆಯೇ ಎಂದು ಹೊಸ ಕಂಪನಿಗಳನ್ನು ಕೇಳಲೇಬೇಕು.

ಗ್ರೂಪಿನಲ್ಲಿ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯೇ?

ಬೇರೊಬ್ಬ ಸದಸ್ಯ ಹಾಕಿದ ಸಂದೇಶಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗೆಂದು ಸುಮ್ಮನಿರಬೇಡಿ, ಅಂಥದ್ದನ್ನು ಕಂಡ ಕೂಡಲೇ ಅಳಿಸಿ. ಸೂಚನೆ ಕೊಡುವುದಷ್ಟೇ ಉದ್ದೇಶವಾದರೆ ಗ್ರೂಪಿಗಿಂತ, ಅಡ್ಮಿನ್ ಮಾತ್ರ ಬರೆಯಬಲ್ಲ ವಾಟ್ಸ್‌ಆ್ಯಪ್ ಚಾನೆಲ್ ಲೇಸು.

ಗಿರಾಕಿಗಳ ಫೋನ್ ಸಂಖ್ಯೆಗಳನ್ನು ಹೊಸ ಆ್ಯಪ್‌ಗೆ ಏರಿಸಬಹುದೇ?

ಬೇಡ. ಅವರು ನಂಬಿ ಕೊಟ್ಟದ್ದು ನಿಮಗೆ, ಆ ಕಂಪನಿಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಖಾತೆಯನ್ನು ಯಾರ ಹೆಸರಿನಲ್ಲಿ ತೆರೆಯಬೇಕು?

ಯಜಮಾನರ ಅಥವಾ ಸಂಘದ ಹೆಸರಿನ ಇಮೇಲ್ ಮತ್ತು ಸಿಮ್‌ನಲ್ಲಿ. ಚುರುಕಾದ ಹುಡುಗನೊಬ್ಬ ತನ್ನ ಸ್ವಂತ ಸಂಖ್ಯೆಯಲ್ಲಿ ಅಂಗಡಿಯ ಖಾತೆ ತೆರೆದು, ಎರಡು ವರ್ಷ ಚೆನ್ನಾಗಿ ನಡೆಸಿ, ಆಮೇಲೆ ದುಬೈಗೆ ಹೋದ ಕಥೆಯನ್ನು ನಾನು ಒಬ್ಬರಿಂದಲ್ಲ, ಹಲವರಿಂದ ಕೇಳಿದ್ದೇನೆ. ಹುಡುಗ ಕೆಟ್ಟವನಲ್ಲ, ಅಲ್ಲಿನ ಹೊಸ ಸಿಮ್ ಹಾಕಿಕೊಂಡಿದ್ದಾನೆ ಅಷ್ಟೇ. ಒಟಿಪಿ ಮಾತ್ರ ಈಗ ರದ್ದಾದ ಹಳೆಯ ಸಂಖ್ಯೆಗೆ ಹೋಗುತ್ತದೆ. ಹಾಗೆಯೇ, ಇನ್‌ಸ್ಟಾಗ್ರಾಂನ ಪಾಸ್‌ವರ್ಡನ್ನೇ ತನ್ನ ಪುಟದಲ್ಲಿ ತುಂಬಲು ಹೇಳುವ ಉಪಕರಣವನ್ನು ಅಲ್ಲಿಗೇ ಬಿಟ್ಟುಬಿಡಿ. ಸರಿಯಾದ ಉಪಕರಣ ನಿಮ್ಮನ್ನು ಇನ್‌ಸ್ಟಾಗ್ರಾಂನ ಪುಟಕ್ಕೆ ಕಳಿಸಿ ಅಲ್ಲಿ ಅನುಮತಿ ಪಡೆಯುತ್ತದೆ, ಆ ಅನುಮತಿಯನ್ನು ನೀವು ಬೇಕೆಂದಾಗ ಹಿಂಪಡೆಯಬಹುದು.

ಊಟದ ವಿಡಿಯೊ ಮಾಡುವ ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಕೊಡಬಹುದೇ?

ಕೊಡಬಹುದು, ಕೊಟ್ಟದ್ದನ್ನು ಅವರು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಉಚಿತ ಊಟವೂ ಲಾಭದ ಲೆಕ್ಕಕ್ಕೇ ಬರುತ್ತದೆ. ಫಾಲೋವರ್ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ, ಕಾಮೆಂಟುಗಳನ್ನು ಓದಿ. ‘ಪಾರ್ಕಿಂಗ್ ಉಂಟಾ’, ‘ಸೋಮವಾರ ಓಪನ್ ಇರ್ತದಾ’ ಎಂದು ಕೇಳುವ ಹತ್ತು ಮಂದಿ ಇದ್ದರೆ ಆ ಪುಟಕ್ಕೆ ನಮ್ಮೂರಿನ ಓದುಗರಿದ್ದಾರೆ. ಬರೀ ಬೆಂಕಿಯ ಚಿಹ್ನೆ, ಹೃದಯದ ಚಿಹ್ನೆಗಳೇ ಇದ್ದರೆ ಅನುಮಾನಿಸಿ.

ಎಐ ಬರೆದುಕೊಟ್ಟ ಕನ್ನಡವನ್ನು ಹಾಕಬಹುದೇ?

ಓದಿ ತಿದ್ದುವವರು ಇದ್ದರೆ ಹಾಕಿ. ಅದರ ಕನ್ನಡದಲ್ಲಿ ತಪ್ಪು ಕಡಿಮೆಯಾಗಿದೆ, ಊರು ಮಾತ್ರ ಇನ್ನೂ ಬಂದಿಲ್ಲ. ನೀರುದೋಸೆಯ ಹೋಟೆಲಿಗೆ ‘ರುಚಿಯ ಅವಿಸ್ಮರಣೀಯ ಪಯಣ’ ಎಂದು ಬರೆದುಕೊಟ್ಟದ್ದನ್ನು ನೋಡಿದ್ದೇನೆ. ‘ಬೆಳಿಗ್ಗೆ 7ರಿಂದ, ಕಾಯಿ ಬೆಲ್ಲ ಉಂಟು’ ಎಂದಿದ್ದರೆ ಸಾಕಿತ್ತು.

ನಮ್ಮ ಮಕ್ಕಳು ಇಂಥ ಕಂಪನಿ ಕಟ್ಟುತ್ತೇವೆ ಎನ್ನುತ್ತಾರೆ. ಬೆಂಗಳೂರಿಗೆ ಹೋಗಲೇಬೇಕೇ?

ಹೋಗಲೇಬೇಕೆಂದೇನಿಲ್ಲ. ರೋಬೋಸಾಫ್ಟ್ 1996ರಲ್ಲಿ ಉಡುಪಿಯಲ್ಲೇ ಶುರುವಾಯಿತು, ರೋಹಿತ್ ಭಟ್ ಅದರ ಸ್ಥಾಪಕರು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಹೋಲ್ಡಿಂಗ್ಸ್ ಅದನ್ನು 805 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮಣಿಪಾಲದಲ್ಲಿ ಎಂಯುಟಿಬಿಐ ಎಂಬ, ಹೊಸ ಕಂಪನಿಗಳಿಗೆ ಆಸರೆ ಕೊಡುವ ಇನ್‌ಕ್ಯುಬೇಟರ್ ಇದೆ, ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್‌ನ ಬಿಯಾಂಡ್ ಬೆಂಗಳೂರು ಯೋಜನೆಯಲ್ಲಿ ಮಂಗಳೂರಿಗೆ ಪ್ರತ್ಯೇಕ ಕ್ಲಸ್ಟರ್ ಇದೆ, ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ.

ಆದರೆ ಮಕ್ಕಳು ತೋರಿಸುವ ಯೋಜನೆಗಳಲ್ಲಿ ಅರ್ಧಕ್ಕರ್ಧ ‘ತುಳುವಿನ ಇನ್‌ಸ್ಟಾಗ್ರಾಂ’ ಅಥವಾ ‘ಕನ್ನಡದ ಟ್ವಿಟರ್’. ಕೂನ ಕಥೆಯನ್ನು ಮೇಲೆ ಹೇಳಿಯಾಗಿದೆ. ನಾನು ಅವರಿಗೆ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯನ್ನು ನೆನಪಿಸುತ್ತೇನೆ. 1928ರಲ್ಲಿ ಅದು ಶುರುವಾದಾಗ ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆಯುತ್ತಿದ್ದ. ಬ್ಯಾಂಕಿಗೆ ಬನ್ನಿ ಎಂದು ಜನರನ್ನು ಕರೆಯಲಿಲ್ಲ, ಜನರ ದಿನಚರಿಯೊಳಗೆ ಬ್ಯಾಂಕೇ ಹೊಕ್ಕಿತು. ಇವತ್ತಿಗೂ ಇಲ್ಲಿ ಅಂಥ ದಿನಚರಿಗಳು ಎಷ್ಟೋ ಇವೆ. ಶಂಕರಪುರದ ಮಲ್ಲಿಗೆಯ ಅಟ್ಟೆಗೆ (ಕಟ್ಟಿದ ಹೂವಿನ ಅಳತೆ ಅದು) ದಿನವೂ ಹೊಸ ದರ. ಕಟ್ಟುವ ಹೆಂಗಸರು ಅದನ್ನು ತಿಳಿಯಲು ಯಾರದೋ ಸಂದೇಶಕ್ಕೆ ಕಾಯುತ್ತಾರೆ. ಇವತ್ತು ಯಾವ ಯಕ್ಷಗಾನ ಮೇಳದ ಆಟ ಎಲ್ಲಿ, ಯಾವ ಪ್ರಸಂಗ ಎಂಬ ಪಟ್ಟಿಯನ್ನು ಅಭಿಮಾನಿಗಳೇ ಕೈಯಾರೆ ಟೈಪ್ ಮಾಡಿ ಗ್ರೂಪುಗಳಿಗೆ ಹಂಚುತ್ತಾರೆ. ಇವೆರಡರಲ್ಲಿ ಒಂದರ ಬೆನ್ನು ಹಿಡಿದ ಹುಡುಗಿಯೊಬ್ಬಳು ಬಂದರೆ ನಾನು ಊಟ ಬಿಟ್ಟು ಕೂತು ಕೇಳುತ್ತೇನೆ, ಕೋಟಿಗಟ್ಟಲೆ ಹೂಡಿಕೆ ಅದಕ್ಕೆ ಬರಲಾರದು ಎಂದು ಗೊತ್ತಿದ್ದರೂ.

ಹೊಸ ಉಪಕರಣವನ್ನು ಪರೀಕ್ಷಿಸಲು ಒಳ್ಳೆಯ ಸಮಯ ಯಾವುದು?

ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮೇಳಗಳು ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿರುತ್ತವೆ, ತುಳುವರ ಆಟಿ ತಿಂಗಳಲ್ಲಿ ಮದುವೆಗಳೂ ಇಲ್ಲ. ವ್ಯಾಪಾರ ತಣ್ಣಗಿರುವ ಆ ಎರಡು ತಿಂಗಳು ಹಳೆಯ ವ್ಯವಸ್ಥೆಯನ್ನು ನಿಲ್ಲಿಸದೆ, ಹೊಸದನ್ನು ಪಕ್ಕದಲ್ಲಿ ನಡೆಸಿ ನೋಡಿ. ವರ್ಷದ ಚಂದಾಕ್ಕೆ ರಿಯಾಯಿತಿ ಇದೆ ಎಂದರೂ ಮೊದಲು ತಿಂಗಳ ಚಂದಾ ಕಟ್ಟಿ, ಯುಪಿಐನಲ್ಲಿ ಆಟೋಪೇ ಹಾಕಿದ್ದರೆ ಅದನ್ನು ರದ್ದು ಮಾಡುವ ಜಾಗ ಎಲ್ಲಿದೆ ಎಂದು ಅದೇ ದಿನ ನೋಡಿಟ್ಟುಕೊಳ್ಳಿ. ಅಷ್ಟಮಿಗೆ ಎರಡು ವಾರ ಇರುವಾಗ ಹೊಸದನ್ನು ಕಲಿಯಲು ಯಾರಾದರೂ ಕರೆದರೆ ನಾನು ಫೋನ್ ಎತ್ತುವುದಿಲ್ಲ.